ಮಳೆಗಾಲದಲ್ಲಿ ಕೆಚ್ಚಲು ಒರೆಸುವ ಅರಿವೆ ಒಣಗಿಸುವುದು ಹೇಗೆ?



ನವಲಗುಂದ, ಅಣ್ಣಿಗೇರಿಯ ಎರೆ ಸೀಮೆಯಲ್ಲಿ ಒಂದು ಮಳೆ ಬಂದು ಹೋದರೆ ಮರುದಿನ ಬಿಸಿಲು ಬೀಳುವುದುಂಟು. ಕಲಘಟಗಿ ತಾಲೂಕಿನ ದೇವಿಕೊಪ್ಪದಂಥ ಅಡವಿ ಅಂಚಿನ ಊರುಗಳಲ್ಲಿ ಹಾಗಲ್ಲ. ಆರಿದ್ರಾ ಮಳೆ ಹಿಡಿಯಿತೆಂದರೆ ನಾಗರ ಪಂಚಮಿ ಬರುವ ತನಕ ಮೋಡ, ಜಿಟಿಜಿಟಿ ಮಳೆ. ಮಕ್ಕಳ ಸಾಲಿ ಅರಿವೆ ಒಣಗಿಸುವುದೇ ತ್ರಾಸು. ಪಡಸಾಲೆಯ ಹಗ್ಗ ತುಂಬಿದಾಗ ಜಾಗ ಸಿಗದೆ ಉಳಿಯುವುದು ಆಕಳ ಕೆಚ್ಚಲು ಒರೆಸುವ ತುಂಡು ಅರಿವೆ. ಅದು ಕೊಟ್ಟಿಗೆಯ ಗೂಟದ ಮೇಲೆ ಒದ್ದೆಯಾಗಿಯೇ ಇರುತ್ತದೆ. ಸಂಜೆ ಅದನ್ನೇ ಹಿಂಡಿ ಮತ್ತೆ ಬಳಸುತ್ತೇವೆ. ಮಳೆಗಾಲದಲ್ಲಿ ಕೆಚ್ಚಲು ಬಾವು ಹರಡಲು ಇದೂ ಒಂದು ಕಾರಣ.

ಒದ್ದೆ ಅರಿವೆಯಿಂದ ಏನಾಗುತ್ತದೆ?

ಕೆಚ್ಚಲು ಬಾವು ತರುವ ರೋಗಾಣುಗಳಲ್ಲಿ ಎರಡು ಬಗೆ. ಒಂದು ಬಗೆ ಸೆಗಣಿ, ಗಂಜಲ, ಒದ್ದೆ ನೆಲದಿಂದ ಬರುತ್ತದೆ. ಇನ್ನೊಂದು ಬಗೆ, ಅಂದರೆ ಸ್ಟ್ಯಾಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್ ಜಾತಿಯ ಕೆಲವು ರೋಗಾಣುಗಳು, ಹಾಲು ಹಿಂಡುವ ಹೊತ್ತಿನಲ್ಲಿ ಒಂದು ಆಕಳಿನಿಂದ ಇನ್ನೊಂದಕ್ಕೆ ದಾಟುತ್ತವೆ. ದಾಟಿಸುವುದು ನಮ್ಮ ಕೈ ಮತ್ತು ನಮ್ಮ ಅರಿವೆ. ಅರಿವೆಯಲ್ಲಿ ನೀರು, ಹಾಲಿನ ಅಂಶ, ಬೆಚ್ಚಗಿನ ವಾತಾವರಣ ಮೂರೂ ಸಿಕ್ಕರೆ ಕೆಲವು ರೋಗಾಣುಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಮುಂಜಾನೆಯ ಒದ್ದೆ ಅರಿವೆ ಸಂಜೆಗೆ ಏನಾಗಿರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಬಾವು ಎಂದರೆ ಕೆಚ್ಚಲು ಊದಿ ಹಾಲು ಒಡೆಯುವುದಷ್ಟೇ ಅಲ್ಲ. ಹಾಲು ನೋಡಲು ಸರಿಯಾಗಿಯೇ ಇದ್ದು, ಒಳಗೊಳಗೇ ಇರುವ ಬಾವು ಹೆಚ್ಚು. ಅದರಿಂದ ಹಾಲು ಇಳಿಯುತ್ತದೆ, ಎಸ್.ಎನ್.ಎಫ್. ಕಡಿಮೆಯಾಗುತ್ತದೆ, ಸಂಘದಲ್ಲಿ ಸಿಗುವ ದರವೂ ಇಳಿಯುತ್ತದೆ. ತಡಮಾಡಿದರೆ ಒಂದು ಮೊಲೆ ಕಾಯಂ ಆಗಿ ಹಾಲು ಕೊಡುವುದನ್ನೇ ನಿಲ್ಲಿಸಬಹುದು.

ಒಂದು ಆಕಳಿಗೆ ಒಂದು ಅರಿವೆ

ದಪ್ಪ ಟವೆಲ್ ಬೇಡ, ಅದು ಬೇಗ ಒಣಗುವುದಿಲ್ಲ. ಪಾಲಿಯೆಸ್ಟರ್ ಸೀರೆಯ ತುಂಡೂ ಬೇಡ, ಅದು ನೀರು ಹೀರುವುದಿಲ್ಲ. ಹಳೆಯ ತೆಳು ಹತ್ತಿ ಧೋತರ ಎಲ್ಲಕ್ಕಿಂತ ಒಳ್ಳೆಯದು. ಒಂದು ಧೋತರದಿಂದ ಒಂದು ಅಡಿ ಅಳತೆಯ ಎರಡು ಡಜನ್ ತುಂಡು ಸಲೀಸಾಗಿ ಬರುತ್ತವೆ.

ಎಷ್ಟು ತುಂಡು ಬೇಕು? ಹಿಂಡುವ ಆಕಳು 2 ಇದ್ದರೆ, ಎರಡು ಹೊತ್ತಿಗೆ ದಿನಕ್ಕೆ 4. ಮಳೆಗಾಲದಲ್ಲಿ ಒಣಗಲು 2 ದಿನ ಹಿಡಿದರೆ ಹಗ್ಗದ ಮೇಲೆ 8, ಬಳಕೆಗೆ 4, ಒಟ್ಟು 12. ಇಷ್ಟಿದ್ದರೆ ಒದ್ದೆ ಅರಿವೆಗೆ ಕೈ ಹಾಕುವ ಪ್ರಸಂಗವೇ ಬರುವುದಿಲ್ಲ.

ಒಗೆಯುವ ಕ್ರಮ

1. ಮೊದಲು ತಣ್ಣೀರಿನಲ್ಲಿ ಜಾಲಿಸಿ. ಹಾಲು ಹತ್ತಿದ ಅರಿವೆಗೆ ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ನೂಲಿಗೆ ಅಂಟಿಕೊಳ್ಳುತ್ತದೆ. ಹಾಲು ಸೋಸುವ ಅರಿವೆಗೂ ಇದೇ ಕ್ರಮ.

2. ಸಾಬೂನು ಅಥವಾ ಪುಡಿ ಹಾಕಿ ಬಿಸಿನೀರಿನಲ್ಲಿ ಒಗೆಯಿರಿ. ಮನೆಮಂದಿಯ ಅರಿವೆಯ ಜೊತೆ ಸೇರಿಸಬೇಡಿ.

3. ಹತ್ತು ನಿಮಿಷ ಕುದಿಸಿ. ಸೌದೆ ಹಸಿಯಾಗಿ ಕುದಿಸಲು ಆಗದಿದ್ದರೆ 5 ಲೀಟರ್ ನೀರಿಗೆ ಒಂದು ಸಣ್ಣ ಚಮಚ ಬ್ಲೀಚಿಂಗ್ ಪುಡಿ ಕಲಸಿ, 15 ನಿಮಿಷ ನೆನೆಸಿ, ಚೆನ್ನಾಗಿ ಜಾಲಿಸಿ. ಬ್ಲೀಚಿಂಗ್ ಪುಡಿಗೆ ಆಸಿಡ್ ಎಂದೂ ಸೇರಿಸಬೇಡಿ, ವಿಷದ ಗಾಳಿ ಹುಟ್ಟುತ್ತದೆ.

ಬಿಸಿಲಿಲ್ಲದಾಗ ಒಣಗಿಸುವುದು

ಒಂದು ಲೀಟರ್ ತಣ್ಣೀರು ಕುದಿಯಲು ಬೇಕಾದ ಶಾಖಕ್ಕಿಂತ, ಅಷ್ಟೇ ನೀರು ಪೂರ್ತಿ ಆವಿಯಾಗಲು ಐದು ಪಟ್ಟಿಗೂ ಹೆಚ್ಚು ಶಾಖ ಬೇಕು. ಅದಕ್ಕೆ ಹಿಂಡುವುದರಲ್ಲಿ ಬೀಳುವ ಪ್ರತಿ ಹನಿಯೂ ಲಾಭ. ಒಮ್ಮೆ ಹಿಂಡಿದ ಮೇಲೆ ಒಣ ಟವೆಲಿನಲ್ಲಿ ಸುರುಳಿ ಸುತ್ತಿ, ಒತ್ತಿ, ಮತ್ತೊಮ್ಮೆ ಹಿಂಡಿ.

ಮೋಡವಿದ್ದರೂ ಗಾಳಿ ಇರುತ್ತದೆ. ಎದುರುಬದುರು ಬಾಗಿಲು, ಕಿಟಕಿ ಇರುವಲ್ಲಿ ಹಗ್ಗ ಕಟ್ಟಿ. ತುಂಡುಗಳನ್ನು ಮಡಿಚದೆ, ಒಂದರ ಮೇಲೊಂದು ಹಾಕದೆ, ನಡುವೆ ನಾಲ್ಕು ಬೆರಳು ಅಂತರ ಬಿಟ್ಟು ಹಾಕಿ. ನೀರು ಕಾಯಿಸಿದ ಮೇಲೆ ಬಚ್ಚಲ ಒಲೆಯ ಹತ್ತಿರ ಬಹಳ ಹೊತ್ತು ಬಿಸಿ ಉಳಿಯುತ್ತದೆ, ಅಲ್ಲಿಯೂ ಒಣಗಿಸಬಹುದು. ಆದರೆ ಉರಿಯುವ ಒಲೆಯ ಮೇಲೆ ನೇತುಹಾಕಬೇಡಿ. ಬಿಸಿಲು ಅರ್ಧ ತಾಸು ಇಣುಕಿದರೂ ಮೊದಲು ಈ ತುಂಡುಗಳನ್ನೇ ಹೊರಗೆ ಹಾಕಿ, ಬಿಸಿಲು ರೋಗಾಣುಗಳನ್ನೂ ಕೊಲ್ಲುತ್ತದೆ.

ಕೊಟ್ಟಿಗೆಯೊಳಗೆ ಒಣಗಿಸಬೇಡಿ. ಅಲ್ಲಿ ದನಗಳ ಉಸಿರು, ಗಂಜಲದಿಂದ ತೇವ ಮೊದಲೇ ಹೆಚ್ಚು. ಬಣವಿಯ ಮೇಲೆ ಹರವಿದರೆ ಬೂಸ್ಟು ಹತ್ತುತ್ತದೆ.

ಇನ್ನೊಂದು ಮಾತು ನೆನಪಿರಲಿ. ಅರಿವೆ ಹಾಕಲು ಕಬ್ಬಿಣದ ತಂತಿ ಬಿಟ್ಟು ನೈಲಾನ್ ಹಗ್ಗ ಬಳಸಿ. ಮಳೆಯಲ್ಲಿ ಕರೆಂಟಿನ ವೈರು ತಂತಿಗೋ ತಗಡಿನ ಮಾಡಿಗೋ ತಾಗಿದರೆ ಅರಿವೆ ತೆಗೆಯಲು ಹೋದವರ ಜೀವಕ್ಕೂ, ಹತ್ತಿರ ಕಟ್ಟಿದ ದನಕ್ಕೂ ಅಪಾಯ. ವಿದ್ಯುತ್ ಕಂಬಕ್ಕಂತೂ ಯಾವ ಹಗ್ಗವನ್ನೂ ಕಟ್ಟಬೇಡಿ.

ಒಣ ಅರಿವೆ ಇಲ್ಲದ ದಿನ

ಹಿಂದಿನ ಹೊತ್ತಿನ ಒದ್ದೆ ಅರಿವೆಯನ್ನು ಮಾತ್ರ ಮುಟ್ಟಬೇಡಿ. ಒಗೆದ ತುಂಡನ್ನು ಹಿಂಡುವ ಮುಂಚೆ ಕುದಿಸಿ, ಬಿಗಿಯಾಗಿ ಹಿಂಡಿ, ಕೈಗೆ ತಾಳುವಷ್ಟು ಆರಿದ ಕೂಡಲೇ ಒರೆಸಿ. ಅರಿವೆ ಒದ್ದೆಯಿರುವುದಕ್ಕಿಂತ, ಒದ್ದೆಯಾಗಿಯೇ ತಾಸುಗಟ್ಟಲೆ ಬಿದ್ದಿರುವುದು ದೊಡ್ಡ ಅಪಾಯ. ಇಡೀ ಕೆಚ್ಚಲಿಗೆ ನೀರು ಸುರಿಯದೆ ಮೊಲೆಗಳನ್ನಷ್ಟೇ ತೊಳೆಯಿರಿ. ಆಗ ಒರೆಸುವುದೂ ಸುಲಭ, ಕೊಳೆ ನೀರು ಬಕೆಟ್‌ಗೆ ಇಳಿಯುವುದಿಲ್ಲ. ಬಾವು ಬಂದ ಆಕಳನ್ನು ಎಲ್ಲಕ್ಕಿಂತ ಕೊನೆಗೆ ಹಿಂಡಿ.

ಹಿಂಡಿದ ಮೇಲೆ ಮೊಲೆಯ ತೂತು ಅರ್ಧದಿಂದ ಒಂದು ತಾಸು ತೆರೆದೇ ಇರುತ್ತದೆ. ಆಗ ಮೇವು ಹಾಕಿದರೆ ಆಕಳು ನಿಂತೇ ಇರುತ್ತದೆ, ಒದ್ದೆ ನೆಲಕ್ಕೆ ಕೆಚ್ಚಲು ತಾಗುವುದಿಲ್ಲ.

ಈಯುವಾಗ ಮೈಲಿಗೆಯಾದ ಅರಿವೆ

ಆಕಳು ಈದಾಗ, ಅದಕ್ಕಿಂತ ಹೆಚ್ಚಾಗಿ ಕಂದು ಹಾಕಿದಾಗ, ನೀರು, ರಕ್ತ, ಮಾಸು ತಾಗಿದ ಸೀರೆ ಅಥವಾ ಚೀಲವನ್ನು ಮನೆಯ ಅರಿವೆಯೊಂದಿಗೆ ಬಚ್ಚಲಿಗೆ ಹಾಕಬೇಡಿ. ಬ್ರುಸೆಲ್ಲಾ ರೋಗ ಮನುಷ್ಯರಿಗೂ ತಗಲುತ್ತದೆ. ಅದರ ರೋಗಾಣು ಬಿಸಿಲಿನಲ್ಲಿ ಬೇಗ ಸಾಯುತ್ತದೆ, ತಂಪು ನೆರಳಿನಲ್ಲಿ ಬಹಳ ದಿನ ಬದುಕುತ್ತದೆ. ಕೈಗವಸು ಹಾಕಿಕೊಂಡು, ಬೇರೆ ಬಕೆಟ್‌ನಲ್ಲಿ ನೆನೆಸಿ, ಕುದಿಸಿ ಒಗೆಯಿರಿ. ಬಸುರಿಯರು ಈ ಕೆಲಸ ಮಾಡುವುದು ಬೇಡ.

ಹಾಲು ಹಿಂಡುವಾಗ ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿ. ಗರಣೆ, ನೀರು, ರಕ್ತದ ಎಳೆ ಕಂಡರೆ ಆ ಹಾಲು ಸಂಘಕ್ಕೆ ಹಾಕದೆ ಅದೇ ದಿನ ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ನಮಗೆ ತಿಳಿಸಿ.

– ಪಶುವೈದ್ಯಾಧಿಕಾರಿ