ನಿಮಗಿದು ಗೊತ್ತೆ? ಕಡಲು ದಾಟಿದ ಪಟೇಲಿಕೆ
ಪಟೇಲ್ ಎಂಬುದು ಮೊದಲು ಅಡ್ಡಹೆಸರಲ್ಲ, ಹುದ್ದೆ. ಕಂದಾಯದ ಹೊಣೆ ಹೊತ್ತ ಊರ ಮುಖಂಡನನ್ನು ಗುಜರಾತಿನಲ್ಲಿ ಹೀಗೆ ಕರೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲೂ ಪಟೇಲ, ಶ್ಯಾನುಭೋಗರು ಇದ್ದರಲ್ಲ! ಗುಜರಾತಿನಲ್ಲಿ ಅದು ಮುಖ್ಯವಾಗಿ ಪಾಟೀದಾರ್ ಕೃಷಿಕರ ಮನೆತನದ ಹೆಸರಾಗಿ ನಿಂತಿತು. ಅಲ್ಲಿನ ಖೇಡಾ ಸುತ್ತಲಿನ ಚರೋತರ್ ಸೀಮೆಯ ಅನೇಕ ಪಟೇಲರು ಬ್ರಿಟಿಷರ ಕಾಲದಲ್ಲಿ ವ್ಯಾಪಾರ, ನೌಕರಿ ಅರಸಿ ಕೀನ್ಯಾ, ಉಗಾಂಡಗಳಿಗೆ ಹಡಗು ಹತ್ತಿದರು. 1972ರಲ್ಲಿ ಏಷ್ಯನ್ನರು ಉಗಾಂಡ ಬಿಡಲು ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಕೊಟ್ಟದ್ದು ಕೇವಲ 90 ದಿನ. ಮನೆ, ಅಂಗಡಿ ಎಲ್ಲ ಬಿಟ್ಟು ಬರಿಗೈಲಿ ಬ್ರಿಟನ್ನಿಗೆ ಬಂದ ಎಷ್ಟೋ ಕುಟುಂಬಗಳು ಲೆಸ್ಟರ್, ಲಂಡನ್‌ಗಳಲ್ಲಿ ಮತ್ತೆ ಅಂಗಡಿ ತೆರೆದವು. ಆ ಛಲ ದೊಡ್ಡದು. ಅಮೆರಿಕಕ್ಕೆ ಹೋದ ಪಟೇಲರ ಕೈಹಿಡಿದದ್ದು ಹೆದ್ದಾರಿ ಬದಿಯ ಮೋಟೆಲ್. 2010ರ ಜನಗಣತಿಯ ಹೊತ್ತಿಗೆ ಪಟೇಲ್ ಅಲ್ಲಿನ ಮೊದಲ 100 ಅಡ್ಡಹೆಸರುಗಳಲ್ಲೊಂದು.