ಸುಟ್ಟ ಕಡತ, ಮತ್ತೆ ಬೆಳೆದ ಬಾಕಿ: ಹೇಡ್ರಿಯನ್ನನ ಒಂದು ಶಾಸನ

ತೆರಿಗೆ ಮನ್ನಾ ಅಂದ ತಕ್ಷಣ ಶಾಸನ ಓದುವ ನಮಗೆ ನೆನಪಾಗೋದು ‘ಸರ್ವಮಾನ್ಯ’, ‘ಸರ್ವಬಾಧಾಪರಿಹಾರ’, ‘ಆಚಂದ್ರಾರ್ಕ’. ಇವತ್ತು ರೋಮಿನ ಬೇರೆ ಥರದ ಮನ್ನಾ ಒಂದನ್ನು ನೋಡೋಣ.

ಲ್ಯಾಟಿನ್ ಶಾಸನಗಳ ಮಹಾಸಂಗ್ರಹದ (ಸಿಐಎಲ್) 6ನೇ ಸಂಪುಟದಲ್ಲಿ 967ನೆಯ ಶಾಸನ ಕ್ರಿ.ಶ. 118ರದು. ಹಾಕಿಸಿದವರು ರೋಮಿನ ಸೆನೆಟ್ ಮತ್ತು ಪ್ರಜೆಗಳು. ಸಾರಾಂಶ ಇಷ್ಟು: ಚಕ್ರವರ್ತಿ ಹೇಡ್ರಿಯನ್ ಖಜಾನೆಗೆ ಬರಬೇಕಿದ್ದ 90 ಕೋಟಿ ಸೆಸ್ಟರ್ಸ್ ಬಾಕಿ ಬಿಟ್ಟುಕೊಟ್ಟ, ಹೀಗೆ ಮಾಡಿದ ಮೊದಲಿಗನೂ ಏಕೈಕನೂ ಅವನೇ, ಇದರಿಂದ ಈಗಿನವರಷ್ಟೇ ಅಲ್ಲ, ಅವರ ಮುಂದಿನ ಪೀಳಿಗೆಯೂ ನಿಶ್ಚಿಂತ. ಬಾಕಿಯ ಕಡತಗಳಿಗೆ ಪಂಜಿನಿಂದ ಬೆಂಕಿ ಇಡುವ ಚಿತ್ರ ಅವನ ನಾಣ್ಯದ ಮೇಲೂ ಇದೆ.

ಪ್ರಶಸ್ತಿಯನ್ನು ಪರೀಕ್ಷಿಸದೆ ನಂಬಬಾರದಲ್ಲ? ಆಗಸ್ಟಸ್ ಹಳೇ ಬಾಕಿದಾರರ ದಾಖಲೆ ಸುಟ್ಟಿದ್ದನೆಂದು ಸ್ವೆಟೋನಿಯಸ್ ಬರೆದಿದ್ದಾನೆ. ಹಾಗಾಗಿ ‘ಮೊದಲಿಗ’ ಅನ್ನೋದು ನಿಲ್ಲೋದಿಲ್ಲ. ‘ಏಕೈಕ’ ಅನ್ನೋದೂ 60 ವರ್ಷದಲ್ಲಿ ಬಿತ್ತು. 178ರಲ್ಲಿ ಮಾರ್ಕಸ್ ಆರೇಲಿಯಸ್ ನಲವತ್ತಕ್ಕೂ ಹೆಚ್ಚು ವರ್ಷಗಳ ಬಾಕಿ ಮನ್ನಾ ಮಾಡಿ ಮತ್ತೆ ಕಡತ ಸುಡಿಸಿದ ಅಂತ ಡಿಯೋ ಹೇಳುತ್ತಾನೆ. ಅಂದರೆ ‘ಮುಂದಿನ ಪೀಳಿಗೆ’ ನಿಶ್ಚಿಂತವಾಗಿರಲಿಲ್ಲ, ಮತ್ತೆ ಬಾಕಿದಾರನಾಗಿತ್ತು.

ಇದರ ಯಂತ್ರವಿದ್ಯೆ ಸರಳ. ಒಮ್ಮೆ ಮನ್ನಾ ಮಾಡಿದರೆ ಅದು ಪರಿಹಾರ. ಪದೇ ಪದೇ ಮಾಡಿದರೆ ಅದು ನಿರೀಕ್ಷೆ. ಕಾಯುವವನಿಗೆ ಲಾಭ, ಹೊತ್ತಿಗೆ ಸರಿಯಾಗಿ ಕಟ್ಟಿದವನಿಗೆ ನಷ್ಟ. ಬಾಕಿ ಯಾಕೆ ಬೆಳೀತು, ದರ ಹೆಚ್ಚಾಯಿತೋ, ವಸೂಲಿ ಕೆಟ್ಟಿತೋ ಅನ್ನೋ ಪ್ರಶ್ನೆಯೂ ಕಡತದ ಜೊತೆಗೇ ಸುಟ್ಟುಹೋಗುತ್ತೆ.

ನಮ್ಮಲ್ಲೂ ಇದೆ. 2024ರಲ್ಲಿ ಬೆಂಗಳೂರಿನ ಆಸ್ತಿ ತೆರಿಗೆ ಬಾಕಿದಾರರಿಗೆ ‘ಒಂದು ಬಾರಿಯ’ ಬಡ್ಡಿ ಮನ್ನಾ ಬಂತು. ಜುಲೈ 31ಕ್ಕೆ ಮುಗಿಯಬೇಕಿದ್ದದ್ದು ನವೆಂಬರ್ 30ರವರೆಗೆ ಹೋಯಿತು. ಗಡುವು ಜರುಗುತ್ತೆ ಅಂತ ಗೊತ್ತಾದ ಮೇಲೆ ಅದನ್ನು ಗಡುವು ಅಂತ ಯಾರು ನಂಬ್ತಾರೆ?

ನಮ್ಮ ಕೆರೆ ಶಾಸನಗಳ ಕಟ್ಟುಕೊಡಗೆ ನೋಡಿ. ಯಾವ ಭೂಮಿ, ಯಾರಿಗೆ, ಯಾವ ಕೆಲಸಕ್ಕೆ ಅನ್ನೋದು ಕಲ್ಲಿನ ಮೇಲೇ ಇರುತ್ತೆ. ಅಲ್ಲಿ ವಿನಾಯಿತಿಗೆ ಪ್ರತಿಯಾಗಿ ಕೆರೆಯ ದುರಸ್ತಿ ಸಿಗ್ತಿತ್ತು. ಅವೂ ಎಲ್ಲಾ ಉಳಿಯಲಿಲ್ಲ. ಕೊನೆಯ ಶಾಪಾಶಯವೇ ಮುಂದಿನ ಅರಸರ ಮೇಲಿನ ಅನುಮಾನಕ್ಕೆ ಸಾಕ್ಷಿ. ಆದರೂ ಕೊಟ್ಟಿದ್ದೇನು, ಯಾಕೆ ಅಂತ ಊರವರು ಕಲ್ಲಿನ ಮುಂದೆ ನಿಂತು ಕೇಳಬಹುದಿತ್ತು. ಸುಟ್ಟ ಕಡತದ ಮುಂದೆ ನಿಂತು ಏನು ಕೇಳೋದು?