ಕಣ್ಣು ಮುಂಚಾಚಿಸುವ ಮಿದುಳುಗಡ್ಡೆಗಳು: ರೋಗನಿರ್ಣಯದ ಕ್ರಮ

ಕಣ್ಣುಗುಡ್ಡೆಯು ಸಹಜ ಸ್ಥಾನದಿಂದ ಮುಂದಕ್ಕೆ ಚಾಚಿಕೊಳ್ಳುವ ಸ್ಥಿತಿಯನ್ನು ವೈದ್ಯಶಾಸ್ತ್ರವು ‘ಪ್ರಾಪ್ಟೋಸಿಸ್’ ಎಂದು ಕರೆಯುತ್ತದೆ. ನೇತ್ರಕುಹರವು ಸುಮಾರು 30 ಘನ ಸೆಂಟಿಮೀಟರು ಗಾತ್ರದ, ಮುಂಭಾಗದಲ್ಲಿ ವಿಶಾಲವಾಗಿ ತೆರೆದಿರುವ ಎಲುಬಿನ ಗೂಡು. ಅದರೊಳಗೆ ಏನೇ ಬೆಳೆದರೂ ಕಣ್ಣುಗುಡ್ಡೆ ಮುಂದೆ ಸರಿಯಲೇಬೇಕು. ಈ ಗೂಡಿನ ಮೇಲ್ಛಾವಣಿ ಹಾಗೂ ಹಿಂಭಾಗಗಳು ಮಿದುಳಿನ ನೆರೆಯಲ್ಲಿಯೇ ಇರುವುದರಿಂದ ತಲೆಬುರುಡೆಯೊಳಗಿನ ಗಡ್ಡೆಯೂ ಕಣ್ಣಿನ ಮೂಲಕ ಪ್ರಕಟವಾಗಬಲ್ಲದು.

ಇಂಥ ಗಡ್ಡೆಗಳಲ್ಲಿ ಪ್ರಮುಖವಾದುದು ಸ್ಫೀನಾಯ್ಡ್ ಮೂಳೆಯ ರೆಕ್ಕೆಯ ಬಳಿ ಹುಟ್ಟುವ ಮೆನಿಂಜಿಯೋಮ. ಮಿದುಳುಪೊರೆಯ ಈ ಗಡ್ಡೆಗೆ ಹಾರ್ವೆ ಕುಶಿಂಗ್ 1922ರಲ್ಲಿ ಈ ಹೆಸರನ್ನಿತ್ತರು. ಮಧ್ಯವಯಸ್ಸಿನ ಸ್ತ್ರೀಯರಲ್ಲಿ ಇದು ಹೆಚ್ಚು. ಗಡ್ಡೆ ವ್ಯಾಪಿಸಿದ ಮೂಳೆ ದಪ್ಪವಾಗಿ ನೇತ್ರಕುಹರದೊಳಕ್ಕೆ ಉಬ್ಬುವುದರಿಂದ ಕಣ್ಣು ವರ್ಷಾನುಗಟ್ಟಲೆ, ನೋವಿಲ್ಲದೆ ಹೊರಬರುತ್ತದೆ. ಮಕ್ಕಳಲ್ಲಿ ದೃಷ್ಟಿನರದ ಗ್ಲಯೋಮ ಇದೇ ಲಕ್ಷಣವನ್ನುಂಟುಮಾಡಬಲ್ಲದು. ಆಗ ಚರ್ಮದ ಮೇಲೆ ಕಾಫಿಬಣ್ಣದ ಮಚ್ಚೆಗಳಿವೆಯೇ ಎಂದು ನೋಡಬೇಕು. ಅವು ನ್ಯೂರೋಫೈಬ್ರೋಮಟೋಸಿಸ್ ಎಂಬ ಆನುವಂಶಿಕ ವ್ಯಾಧಿಯ ಸೂಚಕಗಳು.

ವಯಸ್ಕರಲ್ಲಿ ಕಣ್ಣು ಚಾಚಲು ಅತಿ ಸಾಮಾನ್ಯ ಕಾರಣ ಥೈರಾಯ್ಡ್ ಸಂಬಂಧಿ ನೇತ್ರರೋಗ. ತೊಡಕಿರುವುದು ಇಲ್ಲಿಯೇ. ಥೈರಾಯ್ಡ್ ರಕ್ತಪರೀಕ್ಷೆ ಸಹಜವಾಗಿದ್ದರೂ ಆ ನೇತ್ರರೋಗವಿರಬಹುದು. ಅಸಹಜವಾಗಿದ್ದ ಮಾತ್ರಕ್ಕೆ ಗಡ್ಡೆಯಿಲ್ಲವೆನ್ನಲಾಗದು. ಮೇಲ್ರೆಪ್ಪೆ ಮೇಲಕ್ಕೆ ಸೆಳೆದುಕೊಂಡಿದ್ದರೆ ಥೈರಾಯ್ಡ್ ಕಾರಣವನ್ನೂ, ಒಂದೇ ಕಣ್ಣು ಚಾಚಿ ಅದೇ ಬದಿಯ ಕಪೋಲದ ಮೇಲ್ಭಾಗ ಉಬ್ಬಿದ್ದರೆ ಮೆನಿಂಜಿಯೋಮವನ್ನೂ ಮೊದಲು ಶಂಕಿಸಬೇಕು. ಕಣ್ಣು ನಾಡಿಯಂತೆ ಮಿಡಿಯುತ್ತಿದ್ದರೆ ರಕ್ತನಾಳದ ದೋಷವನ್ನೋ ಮೂಳೆಯ ಕೊರತೆಯನ್ನೋ ಹುಡುಕಬೇಕು.

ಹರ್ಟೆಲ್ ಮಾಪಕದಿಂದ ಅಳೆದಾಗ ಎರಡು ಕಣ್ಣುಗಳ ನಡುವೆ 2 ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಅದು ಗಣನೀಯ. ಕೆಂಪುಬಣ್ಣ ಒಂದು ಕಣ್ಣಿಗೆ ಮಂಕಾಗಿ ಕಾಣುವುದು, ಬೆಳಕಿಗೆ ಪಾಪೆ ಸರಿಯಾಗಿ ಕುಗ್ಗದಿರುವುದು ದೃಷ್ಟಿನರದ ಮೇಲಿನ ಒತ್ತಡದ ಮುನ್ಸೂಚನೆಗಳು. ಈ ಪರೀಕ್ಷೆಗಳಿಗೆ ಒಂದು ಕೈದೀಪ, ಒಂದು ಕೆಂಪು ವಸ್ತು ಸಾಕು.

1971ರಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರವು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿದ ಮೇಲೆ ರೋಗನಿರ್ಣಯದ ಸ್ವರೂಪವೇ ಬದಲಾಯಿತು. ದಪ್ಪವಾದ ಮೂಳೆಯನ್ನು ಸಿ.ಟಿ. ಸ್ಪಷ್ಟಪಡಿಸಿದರೆ, ಗ್ಯಾಡೋಲಿನಿಯಂ ನೀಡಿ ತೆಗೆದ ಎಂ.ಆರ್.ಐ. ಚಿತ್ರವು ಗಡ್ಡೆಯ ಎಲ್ಲೆಯನ್ನೂ ಮಿದುಳುಪೊರೆಯ ಗುಂಟ ಅದರ ಹರಹನ್ನೂ ತೋರುತ್ತದೆ. ಆದ್ದರಿಂದ ಇವೆರಡೂ ಪರಸ್ಪರ ಪೂರಕ.

ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಆರಂಭಗೊಂಡು, ಮುಂದೆ ಕಿಮ್ಸ್ ಎಂದು ಹೆಸರಾದ ವಿದ್ಯಾನಗರದ ಸಂಸ್ಥೆಗೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳ ರೋಗಿಗಳು ಬರುತ್ತಾರೆ. ಇಂಥ ಬೋಧನಾಸ್ಪತ್ರೆಗಳಲ್ಲಿ ನೇತ್ರ, ನರಶಸ್ತ್ರ ಮತ್ತು ವಿಕಿರಣ ವಿಭಾಗಗಳ ತಜ್ಞರು ಜೊತೆಗೂಡಿ ವಿಚಾರಿಸುವುದು ಅಗತ್ಯ. ಆದರೆ ಮೊದಲ ಸಂಶಯ ಹುಟ್ಟಬೇಕಾದುದು ತಾಲ್ಲೂಕು ಮಟ್ಟದ ವೈದ್ಯರಲ್ಲಿ. ಸೊರಗಿಹೋದ ದೃಷ್ಟಿನರವು ಶಸ್ತ್ರಕ್ರಿಯೆಯಿಂದಲೂ ಚೇತರಿಸಿಕೊಳ್ಳಲಾರದು. ನೋವಿಲ್ಲವೆಂಬ ಕಾರಣಕ್ಕೆ ಕಳೆದ ಕಾಲವೇ ಇಲ್ಲಿ ದೃಷ್ಟಿನಾಶಕ್ಕೆ ಹೇತುವಾಗುತ್ತದೆ.